ಐನೂರು ರೂಪಾಯಿಗೆ ನಿಮ್ಮ ಕಥೆಯ ಜಾತಕ

ಸಿನಿಮಾ ಕಥೆ ಇಲ್ಲದ ಮನುಷ್ಯ ಬೆಂಗಳೂರಿನಲ್ಲಿ ಸಿಗೋದು ಕಷ್ಟ. ನಮ್ಮ ಸ್ಟುಡಿಯೋದಲ್ಲಿ ಲೈಟ್ ಹಾಕೋ ಹುಡುಗನ ಹತ್ತಿರ ಒಂದಿದೆ. ರಾತ್ರಿ ಬುಲೆಟಿನ್ ಮುಗಿಸಿದ ಮೇಲೆ ಮನೆಗೆ ಬಿಡೋ ಕ್ಯಾಬ್ ಡ್ರೈವರ್ ಹತ್ತಿರ ಎರಡಿವೆ, ಎರಡನೆಯದಕ್ಕೆ ಪಾರ್ಟ್ ಟೂ ಕೂಡ ರೆಡಿ ಇದೆಯಂತೆ. ನಗಬೇಡಿ. ಕಥೆ ಇರೋರು ಸಾವಿರ ಜನ ಇರಬಹುದು, ಆದರೆ ಕೂತು 120 ಪುಟ ಬರೆಯೋರು ಬೆರಳೆಣಿಕೆ. ಹಾಗೆ ಬರೆದವರ ಬಗ್ಗೆ ನನಗೆ ಗೌರವ ಇದೆ. ಇವತ್ತಿನ ಮಾತು ಅವರಿಗಾಗಿ.

ಇತ್ತೀಚೆಗೆ ಚಾನೆಲ್‌ಗೆ ಬರೋ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ಪದೇಪದೇ ಕಾಣಿಸ್ತಾ ಇದೆ. ‘ಸಾರ್, ಸ್ಕ್ರಿಪ್ಟ್ ಬರೆದಿದ್ದೀನಿ. 499 ರೂಪಾಯಿ ಕೊಟ್ಟರೆ ಓದಿ ಫೀಡ್‌ಬ್ಯಾಕ್ ಕೊಡ್ತೀವಿ ಅಂತ ಒಬ್ಬರು ಜಾಹೀರಾತು ಹಾಕಿದ್ದಾರೆ. ಕೊಡ್ಲಾ, ಬೇಡ್ವಾ?’ 499 ಏನು ದೊಡ್ಡ ಮೊತ್ತ, ಇಬ್ಬರು ಮಲ್ಟಿಪ್ಲೆಕ್ಸ್‌ಗೆ ಹೋಗಿ ಪಾಪ್‌ಕಾರ್ನ್ ತಗೊಂಡರೆ ಮುಗೀತು, ಕೊಟ್ಟುಬಿಡಿ ಅಂತ ಹೇಳಿ ಕೈ ತೊಳೆದುಕೊಳ್ಳಬಹುದು. ಆದರೆ ಅದರಲ್ಲಿ ಒಬ್ಬ ಹುಡುಗ ಬರೆದಿದ್ದ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ, ರಾತ್ರಿ ಒಂದು ಗಂಟೆಯ ಮೇಲೆ ಎರಡು ವರ್ಷ ಕೂತು ಬರೆದಿದ್ದಾನೆ. ‘ಇದು ಆಗುತ್ತೋ ಇಲ್ವೋ ಅಂತ ಈಗಲೇ ಗೊತ್ತಾಗ್ಬೇಕು ಸಾರ್. ಆಗುತ್ತೆ ಅಂದ್ರೆ ಕೆಲಸ ಬಿಡ್ತೀನಿ. ಇಲ್ಲ ಅಂದ್ರೆ ಬರೆಯೋದನ್ನ ಬಿಡ್ತೀನಿ.’

ಗಮನಿಸಿ. ಆತ 499 ರೂಪಾಯಿಗೆ ಸ್ಕ್ರಿಪ್ಟ್‌ನ ತಪ್ಪು ಹುಡುಕಿಸೋಕೆ ಹೊರಟಿಲ್ಲ. ತನ್ನ ಜಾತಕ ಕೇಳೋಕೆ ಹೊರಟಿದ್ದಾನೆ. ನೌಕರಿ ಇರಬೇಕಾ ಬೇಡ್ವಾ ಅನ್ನೋ ತೀರ್ಮಾನವನ್ನು, ಮುಖ ಕಾಣದ, ಹೆಸರು ಗೊತ್ತಿಲ್ಲದ ಒಬ್ಬ ಓದುಗ ಕಳಿಸೋ ಮೂರು ಪುಟದ ಪಿಡಿಎಫ್ ಕೈಗೆ ಕೊಡ್ತಾ ಇದ್ದಾನೆ. ಹಾಗಾಗಿ ಈ ವ್ಯವಹಾರ ಏನು, ಎಲ್ಲಿಂದ ಬಂತು, ಅದರ ಲೆಕ್ಕಾಚಾರ ಹೇಗೆ ನಡೆಯುತ್ತೆ ಅನ್ನೋದನ್ನ ಸ್ವಲ್ಪ ಬಿಚ್ಚಿ ನೋಡೋಣ.

ಇಂಗ್ಲಿಷಿನಲ್ಲಿ ಇದಕ್ಕೆ ಕವರೇಜ್ ಅಂತಾರೆ. ಹುಟ್ಟಿದ್ದು ಹಾಲಿವುಡ್ಡಿನ ಸ್ಟುಡಿಯೋಗಳಲ್ಲಿ. ಒಂದು ಸ್ಟುಡಿಯೋಗೆ ರಾಶಿ ರಾಶಿ ಸ್ಕ್ರಿಪ್ಟ್ ಬರುತ್ತೆ. ತೀರ್ಮಾನ ಮಾಡೋ ದೊಡ್ಡ ಮನುಷ್ಯನಿಗೆ ಅಷ್ಟನ್ನೂ ಓದೋಕೆ ಪುರುಸೊತ್ತು ಇಲ್ಲ. ಅದಕ್ಕೆ ಕೆಳಗೆ ರೀಡರ್ ಅಂತ ಒಬ್ಬ ಇರ್ತಾನೆ. ಆತ ಓದಿ, ಕಥೆಯನ್ನ ಒಂದೇ ವಾಕ್ಯದಲ್ಲಿ ಬರೆದು, ಅದರ ಕೆಳಗೆ ಸಾರಾಂಶ ಬರೆದು, ಒಂದಷ್ಟು ಅಭಿಪ್ರಾಯ ಸೇರಿಸಿ, ಕೊನೆಗೆ ಮೂರರಲ್ಲಿ ಒಂದು ಮುದ್ರೆ ಒತ್ತುತ್ತಾನೆ: ಪಾಸ್, ಕನ್ಸಿಡರ್, ರೆಕಮಂಡ್. ಇಲ್ಲೊಂದು ತಮಾಷೆ ಇದೆ. ನಮ್ಮಲ್ಲಿ ಪಾಸ್ ಅಂದರೆ ಬೀದಿಗೆಲ್ಲ ಪೇಡಾ ಹಂಚುತ್ತೀವಿ. ಅಲ್ಲಿ ಪಾಸ್ ಅಂದರೆ ‘ನಮಗೆ ಬೇಡ, ಮುಂದಕ್ಕೆ ಹೋಗು’ ಅಂತ. ಅಂದರೆ ಫೇಲು!

ತಮಾಷೆ ಪಕ್ಕಕ್ಕಿಡಿ. ಈ ವರದಿ ಯಾರಿಗಾಗಿ ಬರೆದದ್ದು? ದುಡ್ಡು ಹಾಕೋನಿಗಾಗಿ. ಬರೆದವನು ಕಲಿಯಲಿ ಅನ್ನೋದು ಇದರ ಉದ್ದೇಶವೇ ಆಗಿರಲಿಲ್ಲ. ಎಷ್ಟೋ ಸಲ ಬರೆದವನ ಕಣ್ಣಿಗೂ ಅದು ಬೀಳ್ತಿರಲಿಲ್ಲ. ಇದು ಬಾಗಿಲಲ್ಲಿ ನಿಂತು ಒಳಗೆ ಬಿಡೋ, ಹೊರಗೆ ಕಳಿಸೋ ಸೆಕ್ಯುರಿಟಿ ಕೆಲಸ. ಅದೇ ಕಾಗದವನ್ನು ಇವತ್ತು ಉಲ್ಟಾ ತಿರುಗಿಸಿ ಬರೆದವನಿಗೇ ಮಾರ್ತಾ ಇದ್ದಾರೆ. ಸೆಕ್ಯುರಿಟಿ ಗಾರ್ಡ್ ಕೈಯಲ್ಲಿ ಪಾಠ ಹೇಳಿಸಿಕೊಂಡ ಹಾಗೆ. ಆತ ನಿಮ್ಮನ್ನು ಯಾಕೆ ಒಳಗೆ ಬಿಡಲಿಲ್ಲ ಅಂತ ಹೇಳಬಹುದು, ಒಳಗೆ ಹೋಗೋ ಮನುಷ್ಯ ಆಗೋದು ಹೇಗೆ ಅಂತ ಹೇಳೋಕೆ ಅವನಿಗೆ ಬರಬೇಕು ಅಂತೇನಿಲ್ಲ.

ಇದೇ ದಾರಿಯಲ್ಲಿ ಇನ್ನೊಂದು ಗೊಂದಲ ಇದೆ. ಸಿನಿಮಾ ಹುಚ್ಚಿರೋ ಹುಡುಗರು ‘ಬ್ಲ್ಯಾಕ್ ಲಿಸ್ಟ್’ ಹೆಸರು ಕೇಳಿರ್ತಾರೆ. ಫ್ರಾಂಕ್ಲಿನ್ ಲಿಯೊನಾರ್ಡ್ ಅನ್ನೋರು 2005ರಲ್ಲಿ, ಲಿಯೊನಾರ್ಡೊ ಡಿಕಾಪ್ರಿಯೊ ಅವರ ನಿರ್ಮಾಣ ಸಂಸ್ಥೆಯಲ್ಲಿ ಕೆಲಸ ಮಾಡ್ತಿದ್ದಾಗ, ‘ಈ ವರ್ಷ ನಿಮಗೆ ಇಷ್ಟವಾದ, ಇನ್ನೂ ಸಿನಿಮಾ ಆಗದ ಸ್ಕ್ರಿಪ್ಟ್ ಯಾವುದು’ ಅಂತ ಉದ್ಯಮದವರನ್ನೇ ಕೇಳಿ ಒಂದು ಪಟ್ಟಿ ಮಾಡಿದರು. ಆ ಪಟ್ಟಿ ಪ್ರಸಿದ್ಧವಾಯಿತು. ಅದಕ್ಕೆ ಬರಹಗಾರ ಒಂದು ಪೈಸೆ ಕೊಡುವಂತಿರಲಿಲ್ಲ, ಅರ್ಜಿಯನ್ನೂ ಹಾಕುವಂತಿರಲಿಲ್ಲ. ಆಮೇಲೆ 2012ರಲ್ಲಿ ಅದೇ ಹೆಸರಿನ ವೆಬ್‌ಸೈಟ್ ಬಂತು. ಅಲ್ಲಿ ದುಡ್ಡು ಕೊಟ್ಟು ನಿಮ್ಮ ಸ್ಕ್ರಿಪ್ಟ್ ಓದಿಸಿ ಅಂಕ ಪಡೆಯಬಹುದು. ಒಂದು ಓದಿಗೆ ಮೊದಲು 50 ಡಾಲರ್ ಇತ್ತು, ಈಚೆಗೆ 100 ಡಾಲರ್ ಆಗಿದೆ. ಪಟ್ಟಿ ಬೇರೆ, ಅಂಗಡಿ ಬೇರೆ. ಪಟ್ಟಿಯ ಹೆಸರು ನೋಡಿ ಅಂಗಡಿಗೆ ನುಗ್ಗೋರು ಬೇಕಾದಷ್ಟು ಜನ. ಆದರೂ ಒಂದು ಮಾತು ಒಪ್ಪಲೇಬೇಕು. ಆ 100 ಡಾಲರಿಗೆ ಅಲ್ಲಿ ಒಬ್ಬ ಅನುಭವಿ ಓದುಗ ಕೂತು ಓದೋಕೆ ಆರ್ಥಿಕವಾಗಿ ಸಾಧ್ಯ ಇದೆ. ನಮ್ಮ 499ರ ಕಥೆ ಏನು?

ನಾನು ಇಂಜಿನಿಯರಿಂಗ್ ಓದಿದವನು, ಲೆಕ್ಕ ಹಾಕದೆ ನಂಬೋ ಅಭ್ಯಾಸ ಇಲ್ಲ. ಬನ್ನಿ, ಹಾಕೋಣ. 120 ಪುಟ ನಿಧಾನವಾಗಿ ಓದೋಕೆ ಎರಡು ಗಂಟೆ. ತಿರುಗಿ ನೋಡಿ ಗುರುತು ಹಾಕಿಕೊಳ್ಳೋಕೆ ಒಂದು ಗಂಟೆ. ಮೂರು ಪುಟ ಅರ್ಥ ಆಗೋ ಹಾಗೆ ಬರೆಯೋಕೆ ಒಂದೂವರೆ ಗಂಟೆ. ಒಟ್ಟು ನಾಲ್ಕೂವರೆ ಗಂಟೆ. 499ನ್ನು ನಾಲ್ಕೂವರೆಯಿಂದ ಭಾಗಿಸಿ. ಗಂಟೆಗೆ 110 ರೂಪಾಯಿ ಚಿಲ್ಲರೆ. ಆ ರೇಟಿಗೆ ಬೆಂಗಳೂರಿನಲ್ಲಿ ನಲ್ಲಿ ರಿಪೇರಿಯವರು ಚೀಲದ ಜಿಪ್ ಕೂಡ ತೆಗೆಯಲ್ಲ. ದಿನಕ್ಕೆ ಎರಡರಂತೆ ತಿಂಗಳಿಗೆ 25 ದಿನ, ಅಂದರೆ 50 ಸ್ಕ್ರಿಪ್ಟ್ ಓದಿದರೂ ಆತನ ಕೈಗೆ 24,950 ರೂಪಾಯಿ. ಮನೆ ಬಾಡಿಗೆ ಕಟ್ಟಿ ಬದುಕಬೇಕು ಅಂದರೆ ದಿನಕ್ಕೆ ನಾಲ್ಕೋ ಐದೋ ಮುಗಿಸಬೇಕು. ದಿನಕ್ಕೆ ಐದು ಸ್ಕ್ರಿಪ್ಟ್ ‘ಓದೋ’ ಮನುಷ್ಯ ಏನು ಮಾಡ್ತಾನೆ ಹೇಳಿ? ಮೊದಲ ಇಪ್ಪತ್ತು ಪುಟ, ಮಧ್ಯದಲ್ಲಿ ಒಂದೆರಡು ದೃಶ್ಯ, ಕ್ಲೈಮ್ಯಾಕ್ಸ್. ಮಿಕ್ಕಿದ್ದಕ್ಕೆ ರೆಡಿ ಟೆಂಪ್ಲೇಟ್: ‘ನಾಯಕನ ಗುರಿ ಇನ್ನಷ್ಟು ಸ್ಪಷ್ಟವಾಗಬೇಕು. ಸೆಕೆಂಡ್ ಹಾಫ್ ಸ್ವಲ್ಪ ಎಳೆದಂತಿದೆ. ಸಂಭಾಷಣೆ ಇನ್ನಷ್ಟು ಚುರುಕಾಗಬಹುದು.’ ಈ ಮೂರು ವಾಕ್ಯ ಯಾವ ಸಿನಿಮಾಗೆ ಹೊಂದಲ್ಲ ಹೇಳಿ ನೋಡೋಣ! ಸಂಜೆ ಏಳರ ನಮ್ಮ ಬುಲೆಟಿನ್‌ಗೂ ಹೊಂದುತ್ತೆ.

ಇನ್ನೂ ಸುಲಭದ ದಾರಿ ಈಗ ಬಂದಿದೆ. ನಿಮ್ಮ ಫೈಲನ್ನು ಎಐಗೆ ಹಾಕಿದರೆ ಎರಡು ನಿಮಿಷದಲ್ಲಿ ನಾಲ್ಕು ಪುಟ ವರದಿ, ಅದೂ ತಲೆಬರಹ, ಉಪತಲೆಬರಹ ಸಮೇತ. ಯಂತ್ರದ ಓದು ಪೂರ್ತಿ ನಿಷ್ಪ್ರಯೋಜಕ ಅಂತ ನಾನು ಹೇಳಲ್ಲ. ಪಾತ್ರದ ಹೆಸರು 30ನೇ ಪುಟದಲ್ಲಿ ರಮೇಶ, 70ನೇ ಪುಟದಲ್ಲಿ ಸುರೇಶ ಆಗಿದ್ದರೆ ಅದು ಹಿಡಿದು ಕೊಡುತ್ತೆ. ಆದರೆ ಆ ಕೆಲಸ ನೀವೇ ಪುಕ್ಕಟೆ ಮಾಡಿಸಿಕೊಳ್ಳಬಹುದಲ್ಲ? ಮಧ್ಯದಲ್ಲಿ ಒಬ್ಬ ಕೂತು 499 ಯಾಕೆ ತಗೋಬೇಕು?

ಎಲ್ಲ ಅಗ್ಗದ ಓದುಗರೂ ಮೋಸಗಾರರು ಅಂತ ಇದರ ಅರ್ಥ ಅಲ್ಲ, ಇದನ್ನು ಸ್ಪಷ್ಟವಾಗಿ ಹೇಳಿಬಿಡ್ತೀನಿ. ಕೆಲವರು ಸಹಾಯಕ ನಿರ್ದೇಶಕರು, ಸಿನಿಮಾ ಇಲ್ಲದ ತಿಂಗಳಲ್ಲಿ ನಾಲ್ಕು ಕಾಸು ಆಗಲಿ ಅಂತ ಓದ್ತಾರೆ. ಕೆಲವರು ತಾವೇ ಬರೆಯೋರು, ಬೇರೆಯವರದ್ದು ಓದಿ ಕಲಿಯೋಕೆ ಕಡಿಮೆ ದರ ಇಟ್ಟಿರ್ತಾರೆ. ಅಂಥವರಲ್ಲಿ ಒಬ್ಬ ಪ್ರಾಮಾಣಿಕ ಓದುಗ ಸಿಕ್ಕರೆ ಅದು 5,000 ರೂಪಾಯಿಯ ಕಾಟಾಚಾರದ ವರದಿಗಿಂತ ಮೇಲು. ಸಮಸ್ಯೆ ಏನಂದ್ರೆ, ಹೊಸಬನಿಗೆ ಆ ವ್ಯತ್ಯಾಸ ಗೊತ್ತಾಗಲ್ಲ. ಅನುಭವಿ ಬರಹಗಾರ ಕೆಟ್ಟ ಸಲಹೆಯನ್ನು ಓದಿ ಪಕ್ಕಕ್ಕಿಡ್ತಾನೆ. ಹೊಸಬ ಅದನ್ನು ವೇದವಾಕ್ಯ ಅಂದುಕೊಂಡು ಆರು ತಿಂಗಳು ಕೂತು ತಿದ್ದುತ್ತಾನೆ. ಅಲ್ಲಿಗೆ 499 ರೂಪಾಯಿಯ ಸಲಹೆಗೆ ಆತ ಕೊಟ್ಟ ಬೆಲೆ ಎಷ್ಟು? ಆರು ತಿಂಗಳ ರಾತ್ರಿ ನಿದ್ದೆ. ಅದು ಬಿಲ್‌ನಲ್ಲಿ ಬರಲ್ಲ.

ಈಗ ನಮ್ಮ ಕನ್ನಡದ ವಿಷಯಕ್ಕೆ ಬರ್ತೀನಿ. ಯಾಕಂದ್ರೆ ಇಲ್ಲಿ ಇನ್ನೊಂದು ತೊಡಕಿದೆ. ಈ ಸೇವೆಗಳಲ್ಲಿ ಹೆಚ್ಚಿನವು ಇಂಗ್ಲಿಷ್‌ನಲ್ಲಿ ನಡೆಯುತ್ತವೆ. ಒಂದು ಪುಟಕ್ಕೆ ಒಂದು ನಿಮಿಷದ ಸಿನಿಮಾ ಅನ್ನೋ ಅವರ ಲೆಕ್ಕ ಕೂಡ ಇಂಗ್ಲಿಷ್‌ನ ಕೊರಿಯರ್ ಅಕ್ಷರ, 12 ಪಾಯಿಂಟ್ ಗಾತ್ರಕ್ಕೆ ಹುಟ್ಟಿದ್ದು. ನೀವು ನುಡಿಯಲ್ಲೋ, ಯೂನಿಕೋಡ್‌ನಲ್ಲೋ, ಲಾಂಗ್ ಬುಕ್‌ನಲ್ಲಿ ಪೆನ್ನಿನಲ್ಲೋ ಬರೆದದ್ದಕ್ಕೆ ಅದು ಅನ್ವಯಿಸಲ್ಲ. ಅದು ಸಣ್ಣ ವಿಷಯ ಬಿಡಿ. ದೊಡ್ಡದು ಭಾಷೆ. ಮಂಡ್ಯದ ಗೌಡರೊಬ್ಬರು ಮಗನಿಗೆ ಬಯ್ಯೋ ಬೈಗುಳದಲ್ಲಿ ಎಷ್ಟು ಸಿಟ್ಟು, ಎಷ್ಟು ಪ್ರೀತಿ ಅನ್ನೋದು ಕುಂದಾಪುರದವರಿಗೇ ಅರ್ಧ ಗೊತ್ತಾಗಲ್ಲ. ಅದನ್ನು ನೀವು ಇಂಗ್ಲಿಷ್‌ಗೆ ಮಾಡಿ ಕಳಿಸಿ, ಇನ್ಯಾವುದೋ ರಾಜ್ಯದಲ್ಲಿ ಕೂತ ಓದುಗ ‘ಸಂಭಾಷಣೆ ಸಪ್ಪೆ’ ಅಂದರೆ, ಆತ ಓದಿದ್ದು ನಿಮ್ಮ ಸಂಭಾಷಣೆಯನ್ನಲ್ಲ, ನಿಮ್ಮ ಇಂಗ್ಲಿಷನ್ನು.

ಒಂದು ಉದಾಹರಣೆ ಕೊಡ್ತೀನಿ. ‘ತಿಥಿ’ ನೋಡಿದ್ದೀರಲ್ಲ? ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರು ಜೊತೆಗೂಡಿ ಬರೆದದ್ದು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಅನ್ನೋ ಊರು, ನಟನೆ ಗೊತ್ತಿಲ್ಲದ ಹಳ್ಳಿಯ ಜನ. 101 ವರ್ಷದ ಸೆಂಚುರಿ ಗೌಡ ಸಾಯ್ತಾರೆ, 11ನೇ ದಿನದ ತಿಥಿಯ ತನಕ ಮಗ, ಮೊಮ್ಮಗ, ಮರಿಮಗ ಏನೇನು ಮಾಡ್ತಾರೆ ಅನ್ನೋದು ಕಥೆ. ಮಗ ಗಡ್ಡಪ್ಪ ಟೈಗರ್ ಬ್ರಾಂದಿ ಹಿಡಿದುಕೊಂಡು ಗದ್ದೆ ಬಯಲು ಸುತ್ತಾನೆ, ಅವನಿಗೆ ಆಸ್ತಿಯೂ ಬೇಡ, ಗಡಿಬಿಡಿಯೂ ಬೇಡ. ಈ ಸ್ಕ್ರಿಪ್ಟ್ 499ರ ಟೆಂಪ್ಲೇಟ್ ಕೈಗೆ ಸಿಕ್ಕಿದ್ದರೆ? ಇದು ನನ್ನ ಊಹೆ, ಆದರೆ ‘ನಾಯಕ ಯಾರು, ಅವನ ಗುರಿ ಏನು’ ಅಂತ ಕೆಂಪು ಶಾಯಿ ಬೀಳೋದು ಗ್ಯಾರಂಟಿ. ಗಡ್ಡಪ್ಪನಿಗೊಂದು ಗುರಿ ಕೊಟ್ಟಿದ್ದರೆ ಆ ಸಿನಿಮಾವೇ ಇರ್ತಿರಲಿಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಗೋಲ್ಡನ್ ಲೆಪರ್ಡ್ ಬಂತು, ಆಮೇಲೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿಯೂ ಬಂತು.

ಇದನ್ನು ಕೇಳಿ ‘ನೋಡಿದ್ರಾ, ನನ್ನ ಸ್ಕ್ರಿಪ್ಟೂ ಹಾಗೇ, ಯಾರಿಗೂ ಅರ್ಥ ಆಗಲ್ಲ’ ಅಂತ ಎದೆ ಉಬ್ಬಿಸಬೇಡಿ. ನೂರಕ್ಕೆ ತೊಂಬತ್ತು ಸಲ ಅರ್ಥ ಆಗಿಲ್ಲ ಅಂದರೆ ಅದು ಬರೆದವನ ಕೊರತೆಯೇ. ಫೀಡ್‌ಬ್ಯಾಕ್ ಬೇಕೇ ಬೇಕು. ಪ್ರಶ್ನೆ ಇರೋದು ಯಾರಿಂದ, ಯಾವಾಗ, ಯಾವುದರ ಬಗ್ಗೆ ಅಂತ.

ನನ್ನ ಕಸುಬಿನಿಂದಲೇ ಹೇಳ್ತೀನಿ. ನಮಗೆ ವಾರಕ್ಕೊಮ್ಮೆ ರೇಟಿಂಗ್ ಬರುತ್ತೆ. ಆ ಅಂಕಿ ನೋಡಿದರೆ ಇಂಥ ಕಾರ್ಯಕ್ರಮದಲ್ಲಿ ಜನ ರಿಮೋಟ್ ಒತ್ತಿ ಬೇರೆ ಕಡೆ ಹೋದರು ಅಂತ ಗೊತ್ತಾಗುತ್ತೆ. ಯಾಕೆ ಹೋದರು? ಅಂಕಿ ಹೇಳಲ್ಲ. ವಿಷಯ ಬೋರಾಯ್ತಾ, ನಾನು ಜಾಸ್ತಿ ಕಿರುಚಿದೆನಾ, ಮನೆಯಲ್ಲಿ ಊಟಕ್ಕೆ ಕರೆದರಾ? ಮೀಟಿಂಗಿನಲ್ಲಿ ಹತ್ತು ಜನ ಹನ್ನೊಂದು ಕಾರಣ ಹೇಳ್ತಾರೆ. ಜನ ಎದ್ದು ಹೋದದ್ದು ಸತ್ಯ, ಕಾರಣಗಳೆಲ್ಲ ಅಂದಾಜು. ಸ್ಕ್ರಿಪ್ಟ್ ಫೀಡ್‌ಬ್ಯಾಕ್ ಕೂಡ ಥೇಟ್ ಹೀಗೇ. ಓದುಗನೊಬ್ಬ ‘60ನೇ ಪುಟದಲ್ಲಿ ನನಗೆ ಬೇಜಾರಾಯ್ತು’ ಅಂದರೆ ಅದನ್ನು ನಂಬಿ, ಅದು ಆತನಿಗೆ ನಿಜವಾಗಿ ಆದದ್ದು. ‘ಅಲ್ಲೊಂದು ಫೈಟ್ ಹಾಕಿ ಸರಿ ಹೋಗುತ್ತೆ’ ಅಂದರೆ ಅದು ಆತನ ಅಂದಾಜು. ಸಾಫ್ಟ್‌ವೇರ್‌ನಲ್ಲಿರೋ ನನ್ನ ಕ್ಲಾಸ್‌ಮೇಟ್‌ಗಳು ಇದನ್ನು ತಕ್ಷಣ ಹಿಡಿದುಕೊಳ್ತಾರೆ: ಟೆಸ್ಟರ್ ಬಗ್ ತೋರಿಸ್ತಾನೆ, ಕೋಡ್ ಬರೆಯೋದು ಅವನ ಕೆಲಸ ಅಲ್ಲ. ತೊಂದರೆ 60ನೇ ಪುಟದಲ್ಲಿ ಕಾಣಿಸಿಕೊಂಡಿದ್ದರೂ ಅದರ ಬೇರು 12ನೇ ಪುಟದಲ್ಲಿ ಇರಬಹುದು. ಅದನ್ನು ಹುಡುಕಬಲ್ಲವರು ನೀವೊಬ್ಬರೇ.

ಹಾಗಾದರೆ ಒಬ್ಬನೇ ಓದುಗನ ಮಾತಿನ ಮೇಲೆ ಎಷ್ಟು ಭಾರ ಹಾಕಬೇಕು? ಒಂದೇ ಸಲ ಅಳತೆ ತೆಗೆದು ಸೇತುವೆ ಕಟ್ಟೋರನ್ನು ಯಾರೂ ಇಂಜಿನಿಯರ್ ಅನ್ನಲ್ಲ. ಮೂವರು ಬೇರೆ ಬೇರೆ ಜನ, ಒಬ್ಬರಿಗೊಬ್ಬರು ಮಾತಾಡಿಕೊಳ್ಳದೆ, ಅದೇ 60ನೇ ಪುಟದ ಹತ್ತಿರ ತಡವರಿಸಿದರೆ ಅಲ್ಲಿ ಗುಂಡಿ ಇದೆ. ಮೂವರು ಮೂರು ಕಡೆ ತೋರಿಸಿದರೆ ಬಹುಶಃ ಅದು ಅವರವರ ರುಚಿ. ಮೂವರಿಗೆ 499ರಂತೆ ಕೊಡೋಕೆ ಹೋಗಬೇಡಿ. ಮೊದಲ ಮೂವರು ಪುಕ್ಕಟೆ ಸಿಗ್ತಾರೆ, ನಿಮ್ಮ ಸುತ್ತಲೇ.

‘ಅಯ್ಯೋ ಸಾರ್, ಫ್ರೆಂಡ್ಸ್‌ಗೆ ಕೊಟ್ರೆ ಸೂಪರ್ ಮಗಾ ಅಂತಾರೆ ಅಷ್ಟೇ.’ ನಿಜ. ಯಾಕಂದ್ರೆ ನೀವು ‘ಹೆಂಗಿದೆ’ ಅಂತ ಕೇಳ್ತೀರ. ಹೆಂಗಿದೆ ಅಂತ ಕೇಳಿದರೆ ಅಡುಗೆ ಮಾಡಿದ ಅತ್ತೆಗೆ ಹೇಳೋ ಉತ್ತರವೇ ಬರುತ್ತೆ. ಅದರ ಬದಲು ಕೊಟ್ಟು ಒಂದು ವಾರ ಬಿಟ್ಟು, ‘ಕಥೆ ಏನು ಅಂತ ನನಗೆ ಒಂದು ಸಲ ಹೇಳು’ ಅಂತ ಕೇಳಿ. ಸುಮ್ಮನೆ ಕೂತು ಕೇಳಿಸಿಕೊಳ್ಳಿ, ಮಧ್ಯೆ ಬಾಯಿ ಹಾಕಬೇಡಿ. ಆತ ಯಾವ ದೃಶ್ಯವನ್ನು ಮರೆತ? ಯಾವ ಪಾತ್ರದ ಹೆಸರು ನೆನಪಿಲ್ಲದೆ ‘ಆ ಇನ್ನೊಬ್ಬ’ ಅಂದ? ಎಲ್ಲಿ ಅವನ ದನಿ ಏರಿತು? ನೀವು ತಂಗಿಯ ಕಥೆ ಬರೆದಿದ್ದೀನಿ ಅಂದುಕೊಂಡಿರ್ತೀರ, ಆತ ಪೂರ್ತಿ ಅಪ್ಪನ ಕಥೆ ಹೇಳ್ತಾನೆ. ಈ ಒಂದು ಗಂಟೆಯಲ್ಲಿ ಸಿಗೋದು ಯಾವ ಪಿಡಿಎಫ್‌ನಲ್ಲೂ ಸಿಗಲ್ಲ.

ಇನ್ನೊಂದು, ಓದಿಸಿ ಕೇಳೋದು. ನಮ್ಮದು ಗಮಕ, ಹರಿಕಥೆಯ ನಾಡು, ಕಿವಿಯಿಂದ ಕಥೆ ತಗೊಂಡ ಜನ ನಾವು. ಗಾಂಧಿನಗರದಲ್ಲಿ ಇವತ್ತಿಗೂ ಕಥೆ ‘ಹೇಳಿ’ ಒಪ್ಪಿಸಬೇಕು, ಫೈಲ್ ಕಳಿಸಿದರೆ ತೆರೆಯೋರು ಕಡಿಮೆ. ನಿಮ್ಮ ಜಿಲ್ಲೆಯಲ್ಲೊಂದು ಹವ್ಯಾಸಿ ನಾಟಕ ತಂಡ ಇದ್ದೇ ಇರುತ್ತೆ. ಅವರ ಹತ್ತಿರ ಹೋಗಿ, ಐದಾರು ಜನರಿಗೆ ಪಾತ್ರ ಹಂಚಿ, ಕಾಫಿ ಬೋಂಡಾ ತರಿಸಿ, ಜೋರಾಗಿ ಓದಿಸಿ. ಅದರ ಖರ್ಚೂ ಹತ್ತಿರತ್ತಿರ 499 ಆಗಬಹುದು ಅನ್ನಿ! ಆದರೆ ಬರೆದವನ ಬಾಯಲ್ಲಿ ಚೆನ್ನಾಗಿದ್ದ ಡೈಲಾಗು ಬೇರೆಯವರ ನಾಲಿಗೆಯಲ್ಲಿ ಸಿಕ್ಕಿಹಾಕಿಕೊಳ್ಳೋದು, ಜನ ಬೋಂಡಾ ಕಡೆ ಕೈ ಹಾಕೋ ಕ್ಷಣ, ಯಾರೋ ನಗಬಾರದ ಕಡೆ ನಕ್ಕಿದ್ದು, ಎಲ್ಲ ಕಣ್ಣೆದುರೇ ನಡೆಯುತ್ತೆ.

ಇಷ್ಟೆಲ್ಲ ಮಾಡಿ ತಿದ್ದಿ, ಇನ್ನು ನನಗೆ ಕಾಣಿಸ್ತಿಲ್ಲ ಅನ್ನೋ ಹಂತಕ್ಕೆ ಬಂದ ಮೇಲೆ ದುಡ್ಡು ಕೊಡೋ ಯೋಚನೆ ಮಾಡಿ. ಆಗ ನಿಮ್ಮ ಹತ್ತಿರ ಕೇಳೋಕೆ ಒಂದು ಪ್ರಶ್ನೆ ಇರುತ್ತೆ. ‘ಇಂಟರ್ವಲ್ ಆದ ಮೇಲೆ ತಂಗಿ ಮೇಲೆ ಕೋಪ ಬರಬೇಕು, ಬರ್ತಿದೆಯಾ?’ ಇಂಥ ಪ್ರಶ್ನೆಗೆ 499 ಅಲ್ಲ, 2,000 ಕೊಟ್ಟರೂ ನಷ್ಟ ಇಲ್ಲ. ‘ನನ್ನಲ್ಲಿ ಪ್ರತಿಭೆ ಇದೆಯಾ’ ಅನ್ನೋದು ಪ್ರಶ್ನೆ ಆಗಿದ್ದರೆ ದಯವಿಟ್ಟು ಒಂದು ರೂಪಾಯಿ ಕೂಡ ಕೊಡಬೇಡಿ. ಅದಕ್ಕೆ ಉತ್ತರ ಗೊತ್ತಿರೋನು ಈ ಭೂಮಿ ಮೇಲಿಲ್ಲ. ಆ ಕಾರ್ಖಾನೆಯ ಹುಡುಗನಿಗೂ ಇದನ್ನೇ ಹೇಳಿದೆ: ವರದಿ ‘ಅದ್ಭುತ’ ಅಂತ ಬಂದರೂ ಕೆಲಸ ಬಿಡಬೇಡ, ‘ದರಿದ್ರ’ ಅಂತ ಬಂದರೂ ಬರೆಯೋದು ಬಿಡಬೇಡ. ಮೊದಲ ಸ್ಕ್ರಿಪ್ಟ್ ಅನ್ನೋದು ಮೊದಲ ದೋಸೆ, ಕಾವಲಿ ಕಾದಿದೆಯಾ ಅಂತ ನೋಡೋಕೆ ಹೊಯ್ಯೋದು.

ಕೊಡೋದಾದರೆ ಹೇಗೆ ಕೊಡಬೇಕು? ಓದೋ ಮನುಷ್ಯನ ಹೆಸರು ಕೇಳಿ. ‘ನಮ್ಮ ತಂಡ ಓದುತ್ತೆ’ ಅಂದರೆ ಅಲ್ಲಿಗೆ ಬಿಟ್ಟುಬಿಡಿ. ಆತ ಏನು ಬರೆದಿದ್ದಾನೆ, ಯಾವ ಸಿನಿಮಾದಲ್ಲಿ ಕೆಲಸ ಮಾಡಿದ್ದಾನೆ, ಕನ್ನಡ ಓದೋಕೆ ಬರುತ್ತಾ? ಹಿಂದೆ ಬರೆದ ವರದಿಯೊಂದನ್ನು, ಬರಹಗಾರನ ಹೆಸರು ಅಳಿಸಿ, ತೋರಿಸೋಕೆ ಆಗುತ್ತಾ? ಅದರಲ್ಲಿ ಪುಟಸಂಖ್ಯೆ, ದೃಶ್ಯದ ವಿವರ ಇದ್ದರೆ ಓದಿದ್ದಾನೆ ಅಂತ ಅರ್ಥ. ಬರೀ ‘ಇನ್ನಷ್ಟು’, ‘ಸ್ವಲ್ಪ’, ‘ಬಹುಶಃ’ ಇದ್ದರೆ ಟೆಂಪ್ಲೇಟ್. ಇನ್ನು ‘ಫೀಡ್‌ಬ್ಯಾಕ್ ಜೊತೆಗೆ ನಿರ್ಮಾಪಕರಿಗೂ ತಲುಪಿಸ್ತೀವಿ, ಅದಕ್ಕೆ ಪ್ರೀಮಿಯಂ ಪ್ಯಾಕೇಜ್ 14,999’ ಅಂತ ಯಾರಾದರೂ ಅಂದರೆ ಫೋನ್ ಇಡಿ. ಅಮೆರಿಕದಲ್ಲಿ ರೈಟರ್ಸ್ ಗಿಲ್ಡ್ ಜೊತೆ ಒಪ್ಪಂದ ಇರೋ ಏಜೆಂಟರು ಸ್ಕ್ರಿಪ್ಟ್ ಓದೋಕೆ ಶುಲ್ಕ ಕೇಳುವಂತೆಯೇ ಇಲ್ಲ. ಅವರ ಸಂಪಾದನೆ ಬರಹ ಮಾರಾಟವಾದಾಗ ಬರೋ ಕಮಿಷನ್ನಿನಲ್ಲಿ. ತರ್ಕ ಸರಳ: ನಿಮ್ಮ ಕಥೆ ಮಾರುತ್ತೆ ಅನ್ನೋ ನಂಬಿಕೆ ಇರೋನು ಮಾರಿ ದುಡೀತಾನೆ, ನಂಬಿಕೆ ಇಲ್ಲದವನು ನಿಮ್ಮಿಂದಲೇ ದುಡೀತಾನೆ.

ಕದ್ದುಬಿಟ್ಟರೆ ಅನ್ನೋ ಭಯ ಎಲ್ಲರಿಗೂ ಇದೆ, ಅದರ ಬಗ್ಗೆ ಕಾನೂನು ಏನು ಹೇಳುತ್ತೆ ತಿಳ್ಕೊಳ್ಳಿ. ಆರ್.ಜಿ. ಆನಂದ್ ಅನ್ನೋ ನಾಟಕಕಾರರು ‘ಹಮ್ ಹಿಂದೂಸ್ತಾನಿ’ ಅಂತ ಒಂದು ನಾಟಕ ಬರೆದಿದ್ದರು, ಒಂದು ಪ್ರಾಂತ್ಯದವರು ಇನ್ನೊಂದು ಪ್ರಾಂತ್ಯದವರನ್ನು ಅನುಮಾನದಿಂದ ನೋಡೋ ವಿಷಯ. 1955ರಲ್ಲಿ ಅದನ್ನು ನಿರ್ದೇಶಕ ಮೋಹನ್ ಸೆಹಗಲ್ ಅವರಿಗೆ ಓದಿ ಹೇಳಿದರು. 1956ರಲ್ಲಿ ಸೆಹಗಲ್ ಅವರ ‘ನ್ಯೂ ಡೆಲ್ಲಿ’ ಬಂತು, ಕಿಶೋರ್ ಕುಮಾರ್, ವೈಜಯಂತಿಮಾಲಾ. ನನ್ನ ನಾಟಕವನ್ನೇ ಎತ್ತಿದ್ದಾರೆ ಅಂತ ಆನಂದ್ ಕೋರ್ಟಿಗೆ ಹೋದರು. 1978ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಆನಂದ್ ಸೋತರು. ಐಡಿಯಾಗೆ, ವಸ್ತುವಿಗೆ ಕಾಪಿರೈಟ್ ಇಲ್ಲ, ಅದನ್ನು ನೀವು ಬರಹದಲ್ಲಿ ಮೂಡಿಸಿದ ರೀತಿಗೆ ಇದೆ ಅನ್ನೋದು ಅಲ್ಲಿ ಗಟ್ಟಿಯಾಯಿತು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ನೀವು ಬರೆದ ಕ್ಷಣದಿಂದ ಹಕ್ಕು ನಿಮ್ಮದೇ, ನೋಂದಣಿ ಕಡ್ಡಾಯ ಅಲ್ಲ. ಆದರೆ ನಾಳೆ ‘ನಾನೇ ಮೊದಲು ಬರೆದೆ’ ಅಂತ ತೋರಿಸೋಕೆ ಒಂದು ಕಾಗದ ಬೇಕಲ್ಲ? ಕಾಪಿರೈಟ್ ಕಚೇರಿಯಲ್ಲಿ ಸಾಹಿತ್ಯ ಕೃತಿಯೊಂದರ ನೋಂದಣಿ ಶುಲ್ಕ 500 ರೂಪಾಯಿ. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಾದರೆ ಅಲ್ಲಿಯೂ ಆನ್‌ಲೈನ್‌ನಲ್ಲಿ ಸ್ಕ್ರಿಪ್ಟ್ ನೋಂದಾಯಿಸಬಹುದು. ಕಳಿಸಿದ ಇಮೇಲ್, ದಿನಾಂಕ, ಯಾವ ಡ್ರಾಫ್ಟ್ ಕಳಿಸಿದಿರಿ ಅನ್ನೋದೆಲ್ಲ ಇಟ್ಟುಕೊಳ್ಳಿ. ಕೈಯಲ್ಲಿ ಇರೋದು ಒಂದೇ ಐನೂರರ ನೋಟು ಅನ್ನೋದಾದರೆ, ಹೆಸರಿಲ್ಲದ ಓದುಗನಿಗಿಂತ ಮೊದಲು ಅದು ಹೋಗಬೇಕಾದ್ದು ಅಲ್ಲಿಗೆ.

ಇದರ ಆಚೆಗೂ ದಾರಿಗಳಿವೆ. ಎನ್‌ಎಫ್‌ಡಿಸಿ ನಡೆಸೋ ಸ್ಕ್ರೀನ್‌ರೈಟರ್ಸ್ ಲ್ಯಾಬ್‌ನಲ್ಲಿ ಆಯ್ಕೆಯಾದ ಕೆಲವೇ ಸ್ಕ್ರಿಪ್ಟ್‌ಗಳನ್ನು ಅನುಭವಿಗಳು ಕೂತು, ಬರೆದವರ ಜೊತೆ ತಿದ್ದಿಸ್ತಾರೆ. ಕನು ಬೆಹ್ಲ್ ಅವರ ‘ತಿತ್ಲಿ’, ಅಲಂಕೃತಾ ಶ್ರೀವಾಸ್ತವ ಅವರ ‘ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ’ ಅಲ್ಲಿಂದ ಬಂದವು. ಸಿಗೋದು ಕಷ್ಟ. ಅಲ್ಲಿಗೆ ಕಳಿಸೋ ಮೊದಲು ಒಬ್ಬ ಹೊರಗಿನವರ ಕೈಯಲ್ಲಿ ಓದಿಸೋದು, ಅದಕ್ಕೆ ನಾಲ್ಕು ಕಾಸು ಕೊಡೋದು, ನನ್ನ ಪ್ರಕಾರ ಸರಿಯಾದ ಖರ್ಚು. ಪೂರ್ತಿ ಸ್ಕ್ರಿಪ್ಟ್ ಒಂದೇ ಸಲ ಕಳಿಸಬೇಡಿ. ಮೊದಲು ಹತ್ತು ಪುಟ ಕಳಿಸಿ, ಅದಕ್ಕಷ್ಟೇ ದುಡ್ಡು ಕೊಡಿ. ಬಂದ ಟಿಪ್ಪಣಿಯಲ್ಲಿ ನಿಮ್ಮ ಹತ್ತು ಪುಟದ ಯಾವುದಾದರೂ ಒಂದು ನಿರ್ದಿಷ್ಟ ಸಾಲಿನ ಬಗ್ಗೆ ಮಾತಿದೆಯಾ ನೋಡಿ. ಇದ್ದರೆ ಮಿಕ್ಕ 110 ಪುಟ ಕಳಿಸಬಹುದು.